ಮಳೆಗಾಲದ ಗಿನಿ ಕೋಳಿ ಮರಿಗಳು: ಉಳಿದಿರುವ 13ನ್ನು ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ ಅಡಿಕೆ ತೋಟ, ತೋಟದಾಚೆಗೆ ಕಾಡು. ಗಿನಿ ಕೋಳಿಗಳು ಹಾವು, ಮುಂಗುಸಿ ಕಂಡರೆ ಊರಿಗೇ ಕೇಳುವಂತೆ ಕೂಗುತ್ತವೆ, ದನದ ಮೈಯಿಂದ ಉದುರಿದ ಉಣುಗುಗಳನ್ನೂ ಹೆಕ್ಕಿ ತಿನ್ನುತ್ತವೆ ಎಂದು ಕೇಳಿ ಅವನ್ನು ಸಾಕುವ ಮನಸ್ಸಾಯಿತು. ಪರಿಚಯದವರಿಂದ 30 ಮೊಟ್ಟೆ ತಂದು, ಕಾವಿಗೆ ಕುಳಿತಿದ್ದ ಎರಡು ನಾಟಿ ಹೇಂಟೆಗಳ ಕೆಳಗೆ ಹದಿನೈದರಂತೆ ಇಟ್ಟೆವು. ನಾಟಿ ಕೋಳಿಯ ಮೊಟ್ಟೆ 21 ದಿನಕ್ಕೆ ಒಡೆದರೆ ಗಿನಿ ಕೋಳಿಯ ಮೊಟ್ಟೆಗೆ 26ರಿಂದ 28 ದಿನ ಬೇಕಂತೆ. ಒಂದು ಹೇಂಟೆಗೆ ಅಷ್ಟು ತಾಳ್ಮೆ ಇರಲಿಲ್ಲ. 24ನೆಯ ದಿನ ಎದ್ದು ಹೋಗಿಬಿಟ್ಟಿತು. ಅದರ ಮೊಟ್ಟೆಗಳನ್ನು ನೆರೆಮನೆಯವರ ಸಣ್ಣ ಇನ್ಕ್ಯುಬೇಟರಿನಲ್ಲಿಟ್ಟು 8 ಮರಿ ಪಡೆದೆವು. ಇನ್ನೊಂದು ಹೇಂಟೆಯ ಕೆಳಗೆ 11 ಮರಿಗಳಾದವು.

ಆ 19ರಲ್ಲಿ ಈಗ ಉಳಿದಿರುವುದು 13. ಹೇಂಟೆ ಎರಡನೆಯ ದಿನವೇ ತನ್ನ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ಮಳೆ ಬಿಟ್ಟಿತ್ತಾದರೂ ಹುಲ್ಲು ಒದ್ದೆಯಾಗಿತ್ತು. ಸಂಜೆ ನೋಡಿದರೆ ಮೂರು ಮರಿಗಳು ಸೆಟೆದುಕೊಂಡು ಬಿದ್ದಿದ್ದವು. ಗಾಬರಿಯಾಗಿ ಉಳಿದವನ್ನೆಲ್ಲ ತಂದು ಇನ್ಕ್ಯುಬೇಟರಿನ ಮರಿಗಳ ಜೊತೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟೆವು. ತಳಕ್ಕೆ ದಿನಪತ್ರಿಕೆ ಹಾಸಿದ್ದೇವೆ, ಮೇಲಿನಿಂದ 9 ವಾಟಿನ ಎಲ್‌ಇಡಿ ಬಲ್ಬು ಇಳಿಬಿಟ್ಟಿದ್ದೇವೆ, ಊಟದ ತಟ್ಟೆಯಲ್ಲಿ ನೀರು, ಹಾಳೆ ತಟ್ಟೆಯಲ್ಲಿ ಅಕ್ಕಿ ನುಚ್ಚು ಇಟ್ಟಿದ್ದೇವೆ. ಮರುದಿನ ಒಂದು ಮರಿ ನೀರಿನ ತಟ್ಟೆಯಲ್ಲಿಯೇ ಸತ್ತಿತ್ತು. ಮೊನ್ನೆ ರಾತ್ರಿ ಐದು ಗಂಟೆ ಕಾಲ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಮರಿಗಳೆಲ್ಲ ಒಂದು ಮೂಲೆಯಲ್ಲಿ ಗುಡ್ಡೆಯಾಗಿದ್ದವು, ಅಡಿಯಲ್ಲಿದ್ದ ಎರಡು ಜೀವಬಿಟ್ಟಿದ್ದವು. ಈಗ ಐದು ದಿನದವಾಗಿರುವ ಹದಿಮೂರರಲ್ಲಿ ಒಂದಕ್ಕೆ ಕಾಲುಗಳು ಎರಡೂ ಕಡೆಗೆ ಜಾರಿ ಅಗಲವಾಗಿ, ನಿಲ್ಲಲಾರದಂತಾಗಿದೆ. ಹೇಂಟೆ ಇನ್ನೂ ಅಂಗಳದಲ್ಲಿ ಮರಿಗಳನ್ನು ಕರೆಯುತ್ತ ಓಡಾಡುತ್ತಿದೆ. ಮರಿಗಳನ್ನು ಮತ್ತೆ ಅದಕ್ಕೆ ಒಪ್ಪಿಸುವುದೋ, ಪೆಟ್ಟಿಗೆಯಲ್ಲಿಯೇ ಇಡುವುದೋ? ನಮ್ಮದು ಎಲ್ಲಿ ತಪ್ಪಾಗುತ್ತಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಾಗರದ ಕಡೆಯ ಗೃಹಿಣಿ, ಹನ್ನೆರಡು ವರ್ಷಗಳಿಂದ ಗಿನಿ ಕೋಳಿ ಸಾಕುತ್ತಿರುವವರು

ನಿಮ್ಮ ಬರಹ ಓದಿ ಸಂಕಟವಾಯಿತು, ಏಕೆಂದರೆ ಮೊದಲ ವರ್ಷ ನಾನೂ 17 ಮರಿಗಳಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡಿದ್ದೆ. ನೀವು ಬರೆದದ್ದನ್ನು ನೋಡಿದರೆ ಸತ್ತ ಆರು ಮರಿಗಳಲ್ಲಿ ಒಂದಕ್ಕೂ ರೋಗ ಬಂದಂತಿಲ್ಲ. ಮೂರು ಒದ್ದೆಯಿಂದ, ಒಂದು ನೀರಿನಲ್ಲಿ, ಎರಡು ಚಳಿಗೆ ಒಂದರ ಮೇಲೊಂದು ಬಿದ್ದು ಹೋಗಿವೆ. ಗಿನಿ ಕೋಳಿ ಬೆಳೆದ ಮೇಲೆ ಬಹಳ ಗಟ್ಟಿಜೀವ; ಆದರೆ ಮೊಟ್ಟೆಯಿಂದ ಬಂದಾಗ ಸುಮಾರು 25 ಗ್ರಾಂ ತೂಗುವ ಮರಿಗೆ ಮೊದಲ ಎರಡು ವಾರ ಮೈಯ ಬಿಸಿಯನ್ನು ತಾನಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಅದರ ತುಪ್ಪುಳ ಒದ್ದೆಯಾದರಂತೂ ನಮ್ಮ ಮಲೆನಾಡಿನ ಆಷಾಢದ ಗಾಳಿಗೆ ಒಂದು ಗಂಟೆಯೂ ತಡೆಯುವುದಿಲ್ಲ.

ಇವತ್ತೇ ಮಾಡಬೇಕಾದ ಮೊದಲ ಕೆಲಸ, ಆ ಬಲ್ಬನ್ನು ಬದಲಾಯಿಸುವುದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಬಲ್ಬು ಉರಿಯುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ನಾವು ಮಲಗಿರುತ್ತೇವೆ, ಮರಿಗಳು ಚಳಿಯಲ್ಲಿರುತ್ತವೆ. ಒಳಗೆ ತಂತಿ ಕಾಯುವ ಹಳೆಯ ಬಗೆಯ 60 ವಾಟಿನ ಬಲ್ಬುಗಳು ಈಗ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲವಾದರೂ ಕೋಳಿ ಆಹಾರ ಮಾರುವ ಕಡೆ ವಿಚಾರಿಸಿದರೆ ಸಿಗುತ್ತವೆ. ಒಂದು 100 ವಾಟಿನ ಬಲ್ಬಿಗಿಂತ 60ರ ಎರಡು ಒಳ್ಳೆಯದು, ಏಕೆಂದರೆ ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಇರುತ್ತದೆ. ಅವನ್ನು ವೈರಿನಿಂದಲೇ ನೇತುಹಾಕದೆ ಸರಪಳಿಯಿಂದಲೋ ಗಟ್ಟಿಯಾದ ತಂತಿಯಿಂದಲೋ ಕಟ್ಟಿ, ರಟ್ಟಿಗೆ ತಾಗದಂತೆ ನೋಡಿಕೊಳ್ಳಿ. ಬಲ್ಬು ಜಾರಿ ಹಾಸಿನ ಮೇಲೆ ಬಿದ್ದರೆ ಮನೆಗೇ ಬೆಂಕಿ ಹತ್ತೀತು.

ಮರಿಯ ಬೆನ್ನಿನ ಎತ್ತರದಲ್ಲಿ, ಬಲ್ಬಿನ ನೇರ ಕೆಳಗೆ, ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಕಾವನ್ನು ಪೆಟ್ಟಿಗೆಯ ಒಂದೇ ಬದಿಗೆ ಇಟ್ಟು, ಇನ್ನೊಂದು ಬದಿ ತಂಪಾಗಿರುವಂತೆ ಮಾಡಿದರೆ ತಮಗೆ ಹಿತವಾದ ಜಾಗವನ್ನು ಮರಿಗಳೇ ಹುಡುಕಿಕೊಳ್ಳುತ್ತವೆ. ಥರ್ಮಾಮೀಟರ್ ಇಡಿ, ಆದರೆ ಅದಕ್ಕಿಂತ ಹೆಚ್ಚಾಗಿ ಮರಿಗಳನ್ನು ನೋಡಿ. ಬಲ್ಬಿನ ಅಡಿ ಒತ್ತೊತ್ತಾಗಿ ನಿಂತು ಕೀರಲು ದನಿಯಲ್ಲಿ ಎಡೆಬಿಡದೆ ಕೂಗುತ್ತಿದ್ದರೆ ಚಳಿ. ಅಂಚಿಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಹಿತವಾಗಿದ್ದಾಗ ಒಂದೊಂದು ಒಂದೊಂದು ಕಡೆ ಕಾಲು ಚಾಚಿ, ಕತ್ತನ್ನು ನೆಲಕ್ಕೆ ಚೆಲ್ಲಿ, ರೆಕ್ಕೆ ಸಡಿಲಬಿಟ್ಟು ಮಲಗುತ್ತವೆ. ಮೊದಲ ಸಲ ನೋಡಿದವರಿಗೆ ಸತ್ತೇಹೋದವೇನೋ ಎಂದು ಎದೆ ಝಲ್ಲೆನ್ನುವಂತಿರುತ್ತದೆ ಆ ನಿದ್ದೆ. ಹಾಗೆ ಮಲಗಿವೆ ಎಂದರೆ ನೀವೂ ಹೋಗಿ ಮಲಗಬಹುದು.

ಕರೆಂಟ್ ಹೋದಾಗ ಏನು ಮಾಡುವುದೆಂದು ಮೊದಲೇ ತಯಾರಿ ಇರಬೇಕು. ನಿಮ್ಮಲ್ಲಿಯೂ ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರು ಇರುತ್ತದೆ ಎಂದುಕೊಳ್ಳುತ್ತೇನೆ. ಎರಡು ಮೂರು ಬಾಟಲಿಗಳಿಗೆ ಕೈ ತಡೆಯುವಷ್ಟು ಬಿಸಿಯಾದ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಹಳೆಯ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿಟ್ಟರೆ ಮರಿಗಳು ಅವಕ್ಕೆ ಒರಗಿಕೊಂಡು ರಾತ್ರಿ ಕಳೆಯುತ್ತವೆ. ಎರಡು ಗಂಟೆಗೊಮ್ಮೆ ಎದ್ದು ನೀರು ಬದಲಾಯಿಸಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಒಂದು ಗೇಣಿನಷ್ಟು ಜಾಗವನ್ನು ಗಾಳಿಗೆ ಬಿಡಿ. ಬಚ್ಚಲ ಒಲೆಯ ಪಕ್ಕದಲ್ಲಿ ಮರಿಗಳನ್ನಿಡುವ ರೂಢಿ ನಮ್ಮ ಕಡೆ ಇದೆಯಾದರೂ ಅಲ್ಲಿನ ಹೊಗೆ ಮತ್ತು ತೇವ ಎರಡೂ ಅವಕ್ಕೆ ಆಗುವುದಿಲ್ಲ. ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಇಡಲೇಬೇಡಿ. ಇದ್ದಿಲು ಬಿಡುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಮರಿಗಳನ್ನಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಇನ್ನು ಆ ದಿನಪತ್ರಿಕೆ. ನುಣುಪಾದ ಕಾಗದದ ಮೇಲೆ ಮರಿಯ ಕಾಲಿಗೆ ಹಿಡಿತ ಸಿಗದೆ ಜಾರುತ್ತದೆ, ಜಾರಿ ಜಾರಿ ಕಾಲುಗಳು ಎರಡೂ ಬದಿಗೆ ಹೋಗಿಬಿಡುತ್ತವೆ. ನಿಮ್ಮ ಒಂದು ಮರಿಗೆ ಆಗಿರುವುದು ಇದೇ ಇರಬೇಕು. ಕಾಗದ ತೆಗೆದು, ಅಂಚು ಹೊಲಿದ ಒರಟು ಹತ್ತಿ ಬಟ್ಟೆಯನ್ನು ಹಾಸಿ. ಗೋಣಿ ತಾಟಿಗೆ ಹಿಡಿತವೇನೋ ಚೆನ್ನಾಗಿರುತ್ತದೆ. ಆದರೆ ಅದರ ನಾರು ಬಿಚ್ಚಿಕೊಂಡು ಮರಿಯ ಬೆರಳಿಗೆ ಸುತ್ತಿ ರಕ್ತ ಓಡದಂತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ಜಾರಿದ ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತೆಳು ಪಟ್ಟಿಯನ್ನು ಎರಡೂ ಕಾಲುಗಳಿಗೆ ಬಳೆಯಂತೆ ಸುತ್ತಿ, ನಡುವೆ ಮರಿ ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು ಅಂಟಿಸಿ. ತೀರಾ ಬಿಗಿಯಾಗಬಾರದು. ಮೊದಲ ಎರಡು ದಿನದಲ್ಲಿಯೇ ಮಾಡಿದ್ದರೆ ಹೆಚ್ಚು ಭರವಸೆ ಇರುತ್ತಿತ್ತು, ಈಗಲೂ ಪ್ರಯತ್ನಿಸದೆ ಬಿಡಬೇಡಿ. ಕಾಲು ಸರಿಹೋಗುವವರೆಗೆ ಅದನ್ನು ಒಂದು ಶಾಂತವಾದ ಜೊತೆಗಾರನೊಡನೆ ಪ್ರತ್ಯೇಕವಾಗಿ ಬಿಡಿ. ಗಿನಿ ಮರಿಯನ್ನು ಒಂಟಿಯಾಗಿ ಇಟ್ಟರೆ ಅದು ಕೂಗಿ ಕೂಗಿಯೇ ಸೊರಗುತ್ತದೆ.

ಊಟದ ತಟ್ಟೆಯನ್ನು ತೆಗೆದು ಮರಿಗಳಿಗೆಂದೇ ಮಾರುವ ಸಣ್ಣ ಡ್ರಿಂಕರ್ ಇಡಿ, ಅದರ ತೊಟ್ಟಿಯಲ್ಲಿಯೂ ತೊಳೆದ ಹರಳುಕಲ್ಲುಗಳನ್ನು ತುಂಬಿ. ಕಲ್ಲಿನ ಸಂದಿಯಲ್ಲಿ ಕೊಕ್ಕು ಇಳಿಯಬೇಕು, ಮೈ ಇಳಿಯಬಾರದು. ನೀರು ಬಾವಿಯಿಂದ ಸೇದಿದ ತಣ್ಣೀರಾಗಿರದೆ ಉಗುರುಬೆಚ್ಚಗಿರಲಿ. ಪೆಟ್ಟಿಗೆಯ ನಾಲ್ಕು ಮೂಲೆಗಳಿಗೂ ರಟ್ಟನ್ನು ಬಾಗಿಸಿ ಇಟ್ಟು ದುಂಡಗೆ ಮಾಡಿಬಿಡಿ. ಮೂಲೆ ಇದ್ದರೆ ತಾನೇ ಅದರೊಳಗೆ ನುಗ್ಗಿ ಗುಡ್ಡೆಯಾಗುವುದು.

ಹೇಂಟೆಯ ವಿಚಾರದಲ್ಲಿ ಒಂದು ಮಾತು. ಅದರ ಕರೆ ಕೇಳಿ ಬೆಳೆದ ಮರಿಗಳು ಈಗಲೂ ಅದರ ಬಳಿ ಹೋಗಬಹುದು, ಇನ್ಕ್ಯುಬೇಟರಿನ ಮರಿಗಳಿಗೆ ಆ ಕರೆಯ ಅರ್ಥವೇ ತಿಳಿದಿರುವುದಿಲ್ಲ. ಕತ್ತಲಾದ ಮೇಲೆ ಹೇಂಟೆಯನ್ನು ಒಳಗೆ, ಒಣಗಿದ ಜಾಗದಲ್ಲಿ ಕೂರಿಸಿ, ಮರಿಗಳನ್ನು ಒಂದೊಂದಾಗಿ ಮುಂದೆ ಬಿಟ್ಟು ನೋಡಿ. ಎದುರಿಗೇ ಕುಳಿತಿರಿ; ಕುಕ್ಕಿದರೆ ಕೂಡಲೇ ತೆಗೆಯಿರಿ. ಒಪ್ಪಿಕೊಂಡರೂ ಅದನ್ನು ಅಂಗಳಕ್ಕೆ ಬಿಡಬೇಡಿ, ಕೊಟ್ಟಿಗೆಯ ಒಂದು ಮೂಲೆಯಲ್ಲಿ ಮಂಕರಿ ಮುಚ್ಚಿಯೋ ಜಾಲರಿ ಕಟ್ಟಿಯೋ ಇಡಿ.

ಉತ್ತರ: ನಿವೃತ್ತ ಪಶುವೈದ್ಯಾಧಿಕಾರಿ, ದಾವಣಗೆರೆ

ಮೇಲಿನ ಸಹೋದರಿಯವರು ಕಾವಿನ ಬಗ್ಗೆ ಬರೆದದ್ದಕ್ಕೆ ನಾನು ಸೇರಿಸಬೇಕಾದುದು ಏನೂ ಇಲ್ಲ. ಆಹಾರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನುಚ್ಚು ಒಂದನ್ನೇ ತಿಂದು ಈ ಮರಿಗಳು ಬದುಕಲಾರವು. ಗಿನಿ ಮರಿಗಳಿಗೆ ಮೊದಲ ನಾಲ್ಕು ವಾರ ಆಹಾರದಲ್ಲಿ ಶೇಕಡ 24ರಿಂದ 26ರಷ್ಟು ಪ್ರೋಟೀನ್ ಬೇಕು. ಅಕ್ಕಿಯಲ್ಲಿರುವುದು ಶೇಕಡ 7ರಿಂದ 8. ಟರ್ಕಿ ಮರಿಗಳ ಸ್ಟಾರ್ಟರ್ ಆಹಾರ ಸಿಕ್ಕರೆ ಅದೇ ಉತ್ತಮ, ಆದರೆ ನಮ್ಮ ಊರುಗಳಲ್ಲಿ ಅದು ಅಪರೂಪ. ಬ್ರಾಯ್ಲರ್ ಮರಿಗಳಿಗೆ ಮೊದಲ ದಿನಗಳಲ್ಲಿ ಹಾಕುವ ಪ್ರೀ-ಸ್ಟಾರ್ಟರ್ ಆಹಾರದಲ್ಲಿ ಸುಮಾರು ಶೇಕಡ 23ರಷ್ಟು ಪ್ರೋಟೀನ್ ಇರುತ್ತದೆ. ಅದನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸಣ್ಣ ಮಾಡಿ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ಮೇಲೆ ಉದುರಿಸಿದರೆ ಕೊರತೆ ತುಂಬುತ್ತದೆ. ನಿಮ್ಮ ಹದಿಮೂರು ಮರಿಗಳಿಗೆ ದಿನಕ್ಕೆ ಒಂದು ಮೊಟ್ಟೆ, ಎರಡು ಹೊತ್ತಿಗೆ ಹಂಚಿ ಹಾಕಿದರೆ ಸಾಕು. ಉಳಿದ ಮೊಟ್ಟೆಯನ್ನು ಒಂದು ಗಂಟೆಯೊಳಗೆ ತೆಗೆದುಬಿಡಿ, ಆ ಬಿಸಿಯಲ್ಲಿ ಬೇಗ ಹಳಸುತ್ತದೆ. ಹುತ್ತದ ಗೆದ್ದಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ತಿಂಡಿಯಿಲ್ಲ.

ಪ್ರೀ-ಸ್ಟಾರ್ಟರ್ ಕೊಳ್ಳುವಾಗ ಚೀಲದ ಮೇಲಿನ ಚೀಟಿಯನ್ನು ತಪ್ಪದೆ ಓದಬೇಕು. ಬ್ರಾಯ್ಲರ್ ಆಹಾರದಲ್ಲಿ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ತಡೆಯುವ ಔಷಧಿಯನ್ನು ಬೆರೆಸಿರುವುದು ಸಾಮಾನ್ಯ. ಕೋಳಿಗೆ ಒಗ್ಗುವ ಮೊನೆನ್ಸಿನ್‌ನಂತಹ ಔಷಧಿ ಗಿನಿ ಕೋಳಿಗೆ ಮಾರಕವಾಗಬಲ್ಲದು. ಯಾವ ಔಷಧಿ ಸೇರಿದೆ ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ಅಂಗಡಿಯವರಿಂದ ತಿಳಿದುಕೊಂಡು ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ತೋರಿಸಿ, ಇಲ್ಲವೇ ಔಷಧಿ ಸೇರಿಸದ ಆಹಾರವನ್ನೇ ಕೇಳಿ ಪಡೆಯಿರಿ.

ಒಂದು ವಾರ ಕಳೆದ ಮೇಲೆ ಬಟ್ಟೆಯ ಬದಲು ಎರಡು ಅಂಗುಲ ದಪ್ಪಕ್ಕೆ ಒಣಗಿದ ಭತ್ತದ ಹೊಟ್ಟನ್ನು ಹಾಸಬಹುದು. ನೀರಿನ ಸುತ್ತ ಒದ್ದೆಯಾದ ಹೊಟ್ಟನ್ನು ದಿನವೂ ತೆಗೆಯಬೇಕು, ಏಕೆಂದರೆ ಕಾಕ್ಸಿಡಿಯೋಸಿಸ್ ಬೆಳೆಯುವುದೇ ಬೆಚ್ಚಗಿನ ತೇವದಲ್ಲಿ. ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸಿದರೆ ಆ ದಿನವೇ ವೈದ್ಯರನ್ನು ಕಾಣಿರಿ. ಕುಡಿಯುವ ನೀರಿಗೆ ಬೆರೆಸಿ ಕೊಡುವ ಆಂಪ್ರೋಲಿಯಂ ಎಂಬ ಔಷಧಿ ಇದೆ, ಪ್ರಮಾಣವನ್ನು ಅವರೇ ಹೇಳಲಿ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಕಿತ್ತು ತೆಗೆಯದೆ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಒರೆಸಿ, ಮೈ ಪೂರ್ತಿ ಒಣಗಿದ ಮೇಲೆಯೇ ಗುಂಪಿಗೆ ಬಿಡಿ. ಮನೆಯಲ್ಲಿ ನಾಟಿ ಕೋಳಿಗಳೂ ಇರುವುದರಿಂದ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಬಗ್ಗೆಯೂ ಅದೇ ಭೇಟಿಯಲ್ಲಿ ವಿಚಾರಿಸಿ.

ನೀವು ಉಣುಗಿನ ಪ್ರಸ್ತಾಪ ಮಾಡಿರುವುದರಿಂದ ಇಷ್ಟು ಹೇಳಲೇಬೇಕು. ಗಿನಿ ಕೋಳಿ ಕಣ್ಣಿಗೆ ಬಿದ್ದ ಉಣುಗನ್ನು ತಿನ್ನುವುದು ನಿಜ; ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಇನ್ನೂ ಬಲಿಯದ, ಬಹಳ ಸಣ್ಣ ಉಣುಗುಗಳು. ಕೋಳಿಗಳಿವೆ ಎಂದು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳುವುದನ್ನು ಬಿಡಬೇಡಿ.

ಉತ್ತರ: ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಕನ್ನಡಿಗ

ಡಾಕ್ಟರರು ಮೊನೆನ್ಸಿನ್ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಇಲ್ಲಿ ಆ ಔಷಧಿ ಬೆರೆತ ಆಹಾರದ ಚೀಟಿಯಲ್ಲಿ ಕುದುರೆ, ಬೆಳೆದ ಟರ್ಕಿ ಮತ್ತು ಗಿನಿ ಕೋಳಿಗಳಿಗೆ ಸಿಗದಂತೆ ಇಡಬೇಕೆಂಬ ಎಚ್ಚರಿಕೆಯನ್ನೇ ಮುದ್ರಿಸಿರುತ್ತಾರೆ. ಇನ್ನೊಂದು ಎಚ್ಚರಿಕೆ ನನ್ನ ಕಡೆಯಿಂದ: ಕಾವಿಗೆಂದು ದೊಡ್ಡ ಇನ್ಫ್ರಾರೆಡ್ ಬಲ್ಬು ತರಿಸುವುದಾದರೆ, ಒಡೆದಾಗ ಗಾಜು ಚೆಲ್ಲದಿರಲೆಂದು ಟೆಫ್ಲಾನ್ ಲೇಪ ಕೊಟ್ಟಿರುವ ಬಲ್ಬುಗಳನ್ನು ಕೊಳ್ಳಬೇಡಿ. ಕಾದಾಗ ಆ ಲೇಪದಿಂದ ಏಳುವ ಆವಿ ಹಕ್ಕಿಗಳ ಶ್ವಾಸಕೋಶವನ್ನು ಗಂಟೆಗಳಲ್ಲಿ ಹಾಳುಮಾಡುತ್ತದೆ. ಹೀಗೆ ನಾನು ಒಂದೇ ರಾತ್ರಿಯಲ್ಲಿ 22 ಮರಿಗಳನ್ನು ಕಳೆದುಕೊಂಡೆ. ಅದೇ ಕಾರಣಕ್ಕೆ, ಮರಿಗಳಿರುವ ಕೋಣೆಯ ಪಕ್ಕದಲ್ಲಿ ನಾನ್‌ಸ್ಟಿಕ್ ಕಾವಲಿಯನ್ನು ಖಾಲಿ ಕಾಯಲು ಇಡುವುದೂ ಬೇಡ.

ಪ್ರಶ್ನೆ ಕೇಳಿದವರು, ಹದಿನೇಳು ದಿನಗಳ ನಂತರ

ಮೂವರಿಗೂ ಕೈಮುಗಿದು ನಮಸ್ಕರಿಸುತ್ತೇನೆ. ಇಂದಿಗೆ ಮರಿಗಳಿಗೆ 22 ದಿನ, ಹನ್ನೆರಡು ಇವೆ.

ಅಕ್ಕನವರು ಹೇಳಿದಂತೆ ಅಂದು ರಾತ್ರಿಯೇ ಹೇಂಟೆಯನ್ನು ಕೊಟ್ಟಿಗೆಯಲ್ಲಿ ಕೂರಿಸಿ ಮರಿಗಳನ್ನು ಒಂದೊಂದಾಗಿ ಮುಂದೆ ಬಿಟ್ಟೆವು. ಹೇಂಟೆ ಗಂಟಲಲ್ಲೇ ಕೊಕ್‌ ಕೊಕ್‌ ಎಂದು ಕರೆದಾಗ ಐದು ಮರಿಗಳು ತಡಮಾಡದೆ ಅದರ ರೆಕ್ಕೆಯ ಅಡಿಗೆ ನುಸುಳಿದವು. ಉಳಿದವು ಆ ದನಿಗೆ ಹೆದರಿ ನಮ್ಮ ಕಾಲ ಬಳಿಗೇ ಓಡಿ ಬಂದವು. ಆ ಐದನ್ನು ಹೇಂಟೆಗೆ ಬಿಟ್ಟು, ಮಿಕ್ಕ ಎಂಟನ್ನು ಪೆಟ್ಟಿಗೆಯಲ್ಲಿ ಸಾಕಿದೆವು. ಕಾಲು ಜಾರಿದ್ದ ಮರಿ ಪ್ಲಾಸ್ಟರ್ ಹಾಕಿದ ಮೊದಲ ದಿನ ಬಿದ್ದು ಬಿದ್ದು ಏಳುತ್ತಿತ್ತು, ಮೂರನೆಯ ದಿನ ನಡೆಯಿತು, ಐದನೆಯ ದಿನ ಪಟ್ಟಿ ಬಿಚ್ಚಿದೆವು. ಈಗ ಯಾವುದು ಆ ಮರಿ ಎಂದು ಗುರುತು ಹಿಡಿಯಲಾಗುತ್ತಿಲ್ಲ.

ಹೋದ ಒಂದರ ಬಗ್ಗೆ ಬರೆಯುವಾಗ ಬೇಸರವಾಗುತ್ತದೆ. 13ನೆಯ ದಿನ ರೆಕ್ಕೆಯ ಗರಿಗಳು ಮೂಡಿರುವುದನ್ನು ಕಂಡು ಮರುದಿನ ಮೇಲೆ ಬಲೆ ಕಟ್ಟೋಣವೆಂದುಕೊಂಡಿದ್ದೆ. ಅದೇ ರಾತ್ರಿ ಒಂದು ಮರಿ ಪೆಟ್ಟಿಗೆಯಿಂದ ಹಾರಿ ಹೊರಗೆ ಬಿದ್ದು, ಮತ್ತೆ ಒಳಗೆ ಹೋಗಲಾರದೆ, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆಯ ಹೊರಗೋಡೆಗೆ ಒತ್ತಿಕೊಂಡು ತಣ್ಣಗಾಗಿತ್ತು. ಒಳಗಿನ ಮರಿಗಳ ಸದ್ದು ಕೇಳುವ ಕಡೆಯೇ ಕುಳಿತಿತ್ತು. ಇದನ್ನು ಓದುವವರು ಹತ್ತನೆಯ ದಿನಕ್ಕೇ ಬಲೆ ಕಟ್ಟಿ.

ಇನ್ನು ಒಂದೇ ಪ್ರಶ್ನೆ: ಕಾವು ಯಾವಾಗ ನಿಲ್ಲಿಸಬೇಕು, ತೋಟಕ್ಕೆ ಯಾವಾಗ ಬಿಡಬಹುದು?

ಉತ್ತರ: ಸಾಗರದ ಗೃಹಿಣಿ

ಹನ್ನೆರಡು ಉಳಿದದ್ದನ್ನು ಓದಿ ಮನಸ್ಸಿಗೆ ಬಹಳ ಹಿತವಾಯಿತು. ಬಯಲುಸೀಮೆಯಲ್ಲಿ ನಾಲ್ಕು ವಾರಕ್ಕೆ ಬಲ್ಬು ತೆಗೆಯುವವರಿದ್ದಾರೆ, ನಮ್ಮ ಕಡೆಯ ಮಳೆಗಾಲಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಈಗ ಹಗಲಿನಲ್ಲಿ ಆರಿಸಿ ನೋಡಿ. ಗುಂಪುಗೂಡದೆ ಆರಾಮವಾಗಿ ಮೇಯುತ್ತಿದ್ದರೆ ಹಗಲಿನ ಕಾವು ಬೇಡ. ರಾತ್ರಿಯ ಕಾವನ್ನು ಮಾತ್ರ ಮೈತುಂಬ ಗರಿ ಬರುವವರೆಗೆ, ಅಂದರೆ ಆರು ವಾರದ ಆಸುಪಾಸಿನವರೆಗೆ ಮುಂದುವರಿಸಿ. ಕಾವು ನಿಲ್ಲಿಸಿದ ಮೇಲೆಯೂ ಒಂದು ಮಂದ ಬೆಳಕು ಇರಲಿ, ಏಕೆಂದರೆ ಒಮ್ಮೆಲೇ ಕತ್ತಲಾದರೆ ಬೆದರಿ ಮತ್ತೆ ಒಂದರ ಮೇಲೊಂದು ಬೀಳುತ್ತವೆ.

ತೋಟಕ್ಕೆ ಬಿಡಲು ಅವಸರ ಬೇಡ. ಎಂಟು ವಾರವಾದರೂ ಕೊಟ್ಟಿಗೆಯೊಳಗೆ ಜಾಲರಿ ಕಟ್ಟಿ ಇಟ್ಟುಕೊಂಡರೆ ಅದೇ ತಮ್ಮ ಮನೆ ಎಂದು ಕಲಿಯುತ್ತವೆ, ಇಲ್ಲದಿದ್ದರೆ ಮೊದಲ ದಿನವೇ ಮರ ಹತ್ತಿ ಕುಳಿತು ಕಾಡುಬೆಕ್ಕಿನ ಪಾಲಾಗುತ್ತವೆ. ಅಷ್ಟರಲ್ಲಿ ಸೆಪ್ಟೆಂಬರ್ ಬಂದು ಮಳೆಯೂ ಇಳಿದಿರುತ್ತದೆ. ಬಿಡುವ ದಿನ ಎರಡನ್ನು ಮಾತ್ರ ಹೊರಗೆ ಬಿಟ್ಟು ಹತ್ತನ್ನು ಒಳಗೇ ಇರಿಸಿ; ಒಳಗಿನವುಗಳ ಕೂಗು ಕೇಳುವವರೆಗೂ ಹೊರಗಿನವು ದೂರ ಹೋಗುವುದಿಲ್ಲ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಬಾಗಿಲು ತೆಗೆಯಿರಿ. ಮತ್ತೆ ಸಂಜೆ ಕತ್ತಲಾಗುವ ಮೊದಲು ಒಳಗೆ ಕರೆಯಲು ಒಂದು ಗುರುತಿನ ಸದ್ದು ಬೇಕಾಗುತ್ತದೆ. ಇವತ್ತಿನಿಂದಲೇ ಆಹಾರ ಹಾಕುವಾಗಲೆಲ್ಲ ಒಂದೇ ಡಬ್ಬಿಯನ್ನು ತಟ್ಟುವ ಅಭ್ಯಾಸ ಮಾಡಿ. ನಮ್ಮ ಮನೆಯಲ್ಲಿ ಹಳೆಯ ಹಾಲಿನಪುಡಿ ಡಬ್ಬಿಯೊಂದಿದೆ, ಅದರ ಸದ್ದಿಗೆ ತೋಟದ ಆ ತುದಿಯಲ್ಲಿದ್ದರೂ ಓಡಿ ಬರುತ್ತವೆ.